ಕಾಯಿಲೆಗೆ ಅಂಕ ಬೇಡ, ತಪ್ಪಿಹೋದ ಪಾಠ ನೋಡಿ

ಮಾನ್ಯ ಸಂಪಾದಕರೇ,

ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶ ಬಂದ ಮೇಲೆ ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ಸಂಘ, ಟ್ರಸ್ಟು, ಸಹಕಾರಿ ಬ್ಯಾಂಕುಗಳು ವಿದ್ಯಾರ್ಥಿವೇತನಕ್ಕೆ ಅರ್ಜಿ ಕರೆಯುತ್ತವೆ. ಕ್ಯಾನ್ಸರ್ ಗೆದ್ದು ಓದು ಮುಂದುವರಿಸಿದ ಮಕ್ಕಳ ಅರ್ಜಿಗಳೂ ಅದರಲ್ಲಿರುತ್ತವೆ. ಸಮಿತಿಯವರ ಮನಸ್ಸು ಒಳ್ಳೆಯದೇ. ಆದರೂ ಅಂಕ ಕಡಿಮೆ ಎಂದು ಕೆಲವು ಅರ್ಜಿ ಮೊದಲ ಜರಡಿಯಲ್ಲೇ ಬೀಳುತ್ತವೆ. ಉಳಿದವುಗಳಲ್ಲಿ ಯಾರ ಕಥೆ ಹೆಚ್ಚು ಕರುಳು ಹಿಂಡುತ್ತದೋ ಅವರಿಗೆ ಹಣ ಹೋಗುತ್ತದೆ. ಎರಡೂ ಅನ್ಯಾಯ.

ಮೊದಲನೆಯದಾಗಿ, ಕಾಯಿಲೆಗೆ ಅಂಕ ಕೊಡಬೇಡಿ. ಮೂಳೆಯ ಕ್ಯಾನ್ಸರ್ ದೊಡ್ಡದೋ ರಕ್ತದ ಕ್ಯಾನ್ಸರ್ ದೊಡ್ಡದೋ ಎಂದು ತೂಗುವುದು ಸಮಿತಿಯ ಕೆಲಸವಲ್ಲ. ಯಾವ ಕಾಯಿಲೆ, ಚಿಕಿತ್ಸೆ ಯಾವಾಗ ಶುರುವಾಯಿತು, ಯಾವಾಗ ಮುಗಿಯಿತು ಎಂಬುದನ್ನು ಡಿಸ್ಚಾರ್ಜ್ ಸಮರಿಯಲ್ಲಿ (ಆಸ್ಪತ್ರೆ ಕೊಡುವ ಚಿಕಿತ್ಸೆಯ ಸಾರಾಂಶದಲ್ಲಿ) ಒಬ್ಬ ವೈದ್ಯರು ನೋಡಿ, ‘ಅರ್ಹ’ ಅಥವಾ ‘ಅರ್ಹರಲ್ಲ’ ಎಂದು ಬರೆದುಕೊಟ್ಟರೆ ಸಾಕು. ಆ ಕಾಗದ ಉಳಿದ ಸದಸ್ಯರ ಕೈಗೆ ಹೋಗಬೇಕಿಲ್ಲ. ಕೂದಲು ಉದುರಿದಾಗಿನ ಫೋಟೊ ಕೇಳುವುದು ತಪ್ಪು. ‘ಇನ್ನು ಮರುಕಳಿಸುವುದಿಲ್ಲ’ ಎಂಬ ಪತ್ರ ಕೇಳುವುದೂ ತಪ್ಪು. ಯಾವ ಜವಾಬ್ದಾರಿಯುತ ವೈದ್ಯರೂ ಹಾಗೆ ಬರೆದುಕೊಡಲಾರರು.

ಅಂಕ ಕೊಡಬೇಕಾದದ್ದು ಕಾಯಿಲೆ ಓದಿನಿಂದ ಏನನ್ನು ಕಿತ್ತುಕೊಂಡಿತು ಎಂಬುದಕ್ಕೆ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ರಕ್ತದ ಕ್ಯಾನ್ಸರಿಗೆ ಚಿಕಿತ್ಸೆಯೇ 2ರಿಂದ 3 ವರ್ಷ. ಮೊದಲ ಕೆಲವು ತಿಂಗಳು ಕಿಮೊ ಬಿರುಸಾಗಿರುತ್ತದೆ, ಸೋಂಕಿನ ಭಯಕ್ಕೆ ಮಗುವನ್ನು ಶಾಲೆಗೆ ಕಳಿಸುವಂತಿಲ್ಲ. ಆಮೇಲೂ ಮನೆಯಲ್ಲಿ ಮಾತ್ರೆ ನಡೆಯುತ್ತಲೇ ಇರುತ್ತದೆ. ವಿನ್‌ಕ್ರಿಸ್ಟಿನ್ ಎಂಬ ಔಷಧ ಬೆರಳಿನ ನರಗಳನ್ನು ದುರ್ಬಲ ಮಾಡುವುದುಂಟು. ಆದ್ದರಿಂದ ಅಕ್ಷರ ಚೆನ್ನಾಗಿಲ್ಲ ಎಂದು ಅರ್ಜಿಯನ್ನು ಕೆಳಗೆ ಇಡಬೇಡಿ. ಟೈಪ್ ಮಾಡಿದ್ದನ್ನೂ ಬೇರೆಯವರು ಬರೆದುಕೊಟ್ಟದ್ದನ್ನೂ ಒಪ್ಪಿಕೊಳ್ಳಿ.

ಕಿವಿಯ ವಿಷಯ ಇನ್ನೂ ಸೂಕ್ಷ್ಮ. ಮೂಳೆ ಮತ್ತು ಮಿದುಳಿನ ಕೆಲವು ಗಡ್ಡೆಗಳಿಗೆ ಕೊಡುವ ಸಿಸ್‌ಪ್ಲಾಟಿನ್ ಎಂಬ ಔಷಧ ಮೊದಲು ಕೆಡಿಸುವುದು ತೀಕ್ಷ್ಣ ಸ್ವರಗಳನ್ನು, ಅಂದರೆ ಸುಮಾರು 4,000 ಹರ್ಟ್ಸ್‌ನಿಂದ ಮೇಲಿನವನ್ನು. ಕರೆದರೆ ಹುಡುಗ ತಿರುಗುತ್ತಾನೆ, ಆದ್ದರಿಂದ ಮನೆಯವರಿಗೂ ಗೊತ್ತಾಗುವುದಿಲ್ಲ. ಆದರೆ ಸ, ಶ ಅಕ್ಷರಗಳು ಜಾರಿಹೋಗುತ್ತವೆ. ಮೇಷ್ಟರು ಬೋರ್ಡಿನ ಕಡೆ ತಿರುಗಿ ‘ಸರಿ’ ಎಂದರೆ ಅವನಿಗೆ ಕೇಳುವುದು ‘ಅರಿ’. ನಮ್ಮೂರುಗಳಲ್ಲಿ ತಗಡಿನ ಮಾಡಿನ ಮೇಲೆ ಮಳೆ ಹೊಡೆಯುವ ಮೂರು ತಿಂಗಳು ಅದೂ ಇಲ್ಲ. ಇಂಥವನಿಗೆ ಅಂಗವಿಕಲರ ಕಾರ್ಡ್ ಸಿಗುವುದು ಕಷ್ಟ, ಏಕೆಂದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಮಾತಿನ ಮಟ್ಟದ ಸ್ವರಗಳಲ್ಲಿ, ಎರಡೂ ಕಿವಿಗೆ 60 ಡೆಸಿಬಲ್ ನಷ್ಟವಾಗಿರಬೇಕು ಎನ್ನುತ್ತದೆ. ಕಾರ್ಡ್ ಇಲ್ಲ ಎಂದರೆ ತೊಂದರೆಯೇ ಇಲ್ಲ ಎಂದಲ್ಲ. ಆಡಿಯೋಗ್ರಾಮ್ (ಕಿವಿ ಪರೀಕ್ಷೆಯ ವರದಿ) ಇದ್ದರೆ ನೋಡಿ.

ಹಾಗಾಗಿ ಶೇ 85 ಎಂಬಂಥ ಕಟಾಫ್ ಈ ಮಕ್ಕಳಿಗೆ ಹೊಂದುವುದಿಲ್ಲ. ಚಿಕಿತ್ಸೆಗೆ ಮುಂಚಿನದು, ನಡುವಿನದು, ಆಮೇಲಿನದು ಎಂದು ಮೂರು ಮಾರ್ಕ್ಸ್‌ಕಾರ್ಡ್ ಕೇಳಿ, ಪಕ್ಕಪಕ್ಕ ಇಟ್ಟು ನೋಡಿ. 78ರಿಂದ 49ಕ್ಕೆ ಇಳಿದು ಮತ್ತೆ 63ಕ್ಕೆ ಏರಿದವಳ ದುಡಿಮೆ ಒಂಟಿ 63ರಲ್ಲಿ ಕಾಣುವುದಿಲ್ಲ. ‘ಮೊದಲ ಪ್ರಯತ್ನದಲ್ಲೇ ಪಾಸಾಗಿರಬೇಕು’, ‘ಒಂದು ವರ್ಷವೂ ಬಿಟ್ಟಿರಬಾರದು’ ಎಂಬ ಷರತ್ತುಗಳನ್ನು ತೆಗೆದುಹಾಕಿ.

ಹಣದ ಲೆಕ್ಕದಲ್ಲಿ ಆಗುವ ತಪ್ಪು ಬೇರೆ ತರಹದ್ದು. ‘ಚಿಕಿತ್ಸೆ ಸರ್ಕಾರದ್ದೇ ಅಲ್ಲವೇ’ ಎನ್ನುತ್ತಾರೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಇದೆ, ನಿಜ. ಆದರೆ ಸುಮಾರು 300 ಕಿ.ಮೀ. ದೂರದ ಬೆಂಗಳೂರಿನಲ್ಲೋ ಘಟ್ಟ ಇಳಿದು ಮಣಿಪಾಲದಲ್ಲೋ ತಿಂಗಳುಗಟ್ಟಲೆ ರೂಮು ಮಾಡಿ ಕೂತ ಖರ್ಚು, ತಪ್ಪಿದ ಕೂಲಿ ಯಾವ ಕಾರ್ಡಿನಲ್ಲೂ ಬರುವುದಿಲ್ಲ. ಆದಾಯ ಪ್ರಮಾಣಪತ್ರಕ್ಕೆ 5 ವರ್ಷ ಮಾನ್ಯತೆ ಇರುವುದರಿಂದ ಕಾಯಿಲೆಗೆ ಮುಂಚಿನ ಅಂಕಿಯೇ ಮುಂದುವರಿದಿರಬಹುದು. ಪಹಣಿಯಲ್ಲಿ ಎರಡು ಎಕರೆ ಅಡಿಕೆ ತೋಟ ಕಂಡ ಕೂಡಲೇ ಅನುಕೂಲಸ್ಥರು ಎಂದುಕೊಳ್ಳಬೇಡಿ. ಕೊಯ್ಲಿಗೆ ಊರಲ್ಲಿ ಯಾರೂ ಇಲ್ಲದೆ ಬಂದಷ್ಟಕ್ಕೆ ತೋಟ ಚೇಣಿ (ಫಸಲಿನ ಗುತ್ತಿಗೆ) ಕೊಟ್ಟಿರಬಹುದು, ಎಲೆಚುಕ್ಕಿ ರೋಗ ಬಂದಿರಬಹುದು. ಪ್ರಮಾಣಪತ್ರದ ತಾರೀಖು ನೋಡಿ, ಸೊಸೈಟಿ ಸಾಲದ ಪಾಸ್‌ಬುಕ್ಕಿನ ಜೆರಾಕ್ಸ್ ಕೇಳಿ.

ಪರಿಶೀಲನೆಯ ಕ್ರಮವೂ ಮುಖ್ಯ. ಅರ್ಜಿ ತೆರೆಯುವ ಮೊದಲೇ ಅಂಕ ಹಂಚಿ ಬರೆದಿಡಿ: ಆರ್ಥಿಕ ಸ್ಥಿತಿಗೆ 40, ಕಲಿಕೆಗೆ ಬಿದ್ದ ಪೆಟ್ಟಿಗೆ 30, ಮುಂದಿನ ಕೋರ್ಸಿನ ತಯಾರಿಗೆ 20, ವಿದ್ಯಾರ್ಥಿಯ ಸ್ವಂತ ಮಾತಿಗೆ 10. ಹೆಸರು, ಊರು, ಜಾತಿ, ಫೋಟೊ ಮುಚ್ಚಿ ನಂಬರ್ ಹಾಕಿ. ಇಬ್ಬರು ಬೇರೆ ಬೇರೆ ಕೂತು ಅಂಕ ಹಾಕಲಿ. ಒಂದು ಅರ್ಜಿಯನ್ನು ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋಗುವ ಬದಲು, ಎಲ್ಲ ಅರ್ಜಿಗಳ ಒಂದೇ ಅಂಶವನ್ನು ಒಟ್ಟಿಗೆ ನೋಡಿದರೆ, ಮೊದಲು ಓದಿದ ಕಥೆಯ ಭಾರ ಉಳಿದವುಗಳ ಮೇಲೆ ಬೀಳುವುದಿಲ್ಲ. ಇಬ್ಬರ ನಡುವೆ 15ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಸರಾಸರಿ ತೆಗೆದು ಮುಗಿಸಬೇಡಿ. ಹೆಚ್ಚಿನ ಸಲ ಒಬ್ಬರು ಯಾವುದೋ ಕಾಗದ ನೋಡಿರುವುದಿಲ್ಲ. ಮೂರನೆಯವರಿಗೆ ಕೊಡಿ. ಮಲೆನಾಡಿನಲ್ಲಿ ಎಲ್ಲರೂ ಎಲ್ಲರಿಗೂ ನೆಂಟರು, ಇಲ್ಲವೇ ಮೇಷ್ಟರು. ಪರಿಚಯದ ಅರ್ಜಿ ಎಂದು ಗೊತ್ತಾದರೆ ಆ ಸದಸ್ಯರು ಎದ್ದು ಹೊರಗೆ ಹೋಗಬೇಕು.

ಸ್ವಂತ ಮಾತು ಎಂದರೆ ‘ನಿಮ್ಮ ಹೋರಾಟದ ಬಗ್ಗೆ ಬರೆಯಿರಿ’ ಎಂದಲ್ಲ. ಅದು ನೋವನ್ನು ಹರಾಜಿಗಿಟ್ಟ ಹಾಗೆ. ‘ಯಾವ ಪಾಠ ತಪ್ಪಿತು, ಹೇಗೆ ಹಿಡಿದುಕೊಂಡಿರಿ, ಈ ಹಣ ಯಾವುದಕ್ಕೆ ಬೇಕು’ ಎಂದು ಕೇಳಿ, 200 ಪದ ಸಾಕು. ಸಂದರ್ಶನದಲ್ಲಿ ಮದುವೆ, ಮಕ್ಕಳಾಗುವ ವಿಚಾರ ಎತ್ತಲೇಬಾರದು.

ವೇದಿಕೆಗೆ ಕರೆದು ಶಾಲು ಹೊದೆಸಿ, ಫ್ಲೆಕ್ಸಿನಲ್ಲಿ ‘ಕ್ಯಾನ್ಸರ್ ಗೆದ್ದ ಹುಡುಗಿ’ ಎಂದು ಹಾಕಿಸುವುದನ್ನು ದಯವಿಟ್ಟು ನಿಲ್ಲಿಸಿ. ಎಷ್ಟೋ ಮನೆಗಳಲ್ಲಿ ಈ ಸಂಗತಿ ಅಕ್ಕಪಕ್ಕದವರಿಗೂ ಗೊತ್ತಿರುವುದಿಲ್ಲ. ಹೆಸರು ಹೊರಬೀಳುತ್ತದೆ ಎಂದು ಹೆದರಿ ಅರ್ಜಿಯನ್ನೇ ಹಾಕದೆ ಉಳಿಯುತ್ತಾರೆ. ಹಣ ನೇರ ಖಾತೆಗೆ ಹೋಗಲಿ.

ಎರಡನೇ ವರ್ಷದ ನವೀಕರಣಕ್ಕೆ ಫಾಲೋಅಪ್ ದಿನಗಳ ಗೈರುಹಾಜರಿ ಅಡ್ಡ ಬರಬಾರದು. ಕಾಯಿಲೆ ಮರುಕಳಿಸಿ ಓದು ನಿಂತರೆ ವೇತನ ರದ್ದು ಮಾಡದೆ ಒಂದು ವರ್ಷ ತಡೆಹಿಡಿದು ಕಾಯಿರಿ. ಸಿಗದವರಿಗೆ ಯಾವ ಅಂಶದಲ್ಲಿ ಎಷ್ಟು ಬಂತು, ಮುಂದಿನ ಸಲ ಯಾವ ಕಾಗದ ತರಬೇಕು ಎಂದು ಎರಡು ಸಾಲಿನ ಪತ್ರ ಹೋಗಲಿ, ಕಾಲೇಜು ಫೀಸಿನ ಕೊನೆಯ ದಿನಕ್ಕೆ ಮುಂಚೆಯೇ.

— ವಿದ್ಯಾರ್ಥಿವೇತನ ಅರ್ಜಿಗಳ ಪರಿಶೀಲನೆಯಲ್ಲಿ ತೊಡಗಿರುವವರು, ಶಿವಮೊಗ್ಗ