ಚೀಟಿ ಓದಿಸಿಕೊಂಡ ಅಜ್ಜಿಗೆ, ಹಾಲು ಕಾಸಿದ ಅಕ್ಕನಿಗೆ

ಏಪ್ರಿಲ್ 10ರಂದು ನಮ್ಮ ಶಾಲೆಯಲ್ಲಿ ಫಲಿತಾಂಶ ಓದಿದೆವು. ಎಂಟನೆಯ ತರಗತಿಯ ಮಕ್ಕಳು ಇನ್ನು ಪ್ರೌಢಶಾಲೆಗೆ ಹೋಗುತ್ತಾರೆ. ಆರನೆಯ ತರಗತಿಯಿಂದ ಮೂರು ವರ್ಷ ಅವರ ತರಗತಿ ಶಿಕ್ಷಕಿಯಾಗಿದ್ದವಳು ನಾನು. ಕುಮಟಾ ತಾಲ್ಲೂಕಿನಲ್ಲಿ, ಅಘನಾಶಿನಿ ನದಿ ಕಡಲು ಸೇರುವ ಅಳಿವೆಗೆ ಹತ್ತಿರದ ಸರಕಾರಿ ಹಿರಿಯ ಪ್ರಾಥಮಿಕ ಶಾಲೆ ನಮ್ಮದು. ಅಂದು ಶಾಲೆಯ ಮೇಲುಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿಯವರು ನನಗೆ ಶಾಲು ಹೊದೆಸಿದರು, ಪಾಲಕರು ಒಳ್ಳೆಯ ಮಾತುಗಳನ್ನಾಡಿದರು. ಮನೆಗೆ ಬಂದು ಆ ಶಾಲನ್ನು ಮಡಿಸಿಡುವಾಗ, ಇದನ್ನು ನಾನೊಬ್ಬಳೇ ಇಟ್ಟುಕೊಳ್ಳುವಂತಿಲ್ಲ ಅನ್ನಿಸಿತು. ಅದಕ್ಕೇ ಈ ಬರಹ. ಹೆಸರು ಹಾಕಿದರೆ ಅವರಿಗೆಲ್ಲ ಮುಜುಗರ, ಹಾಗಾಗಿ ಹಾಕಿಲ್ಲ. ಓದಿದರೆ ಅವರಿಗೆ ತಿಳಿಯುತ್ತದೆ.

ಮೂರು ವರ್ಷಗಳ ಹಿಂದಿನ ಮಳೆಗಾಲವನ್ನು ನೆನೆದರೆ ಈಗಲೂ ಎದೆ ಅದುರುತ್ತದೆ. ಆರನೆಯ ತರಗತಿಯಲ್ಲಿ ದಿನ ಬೆಳಗಾದರೆ ಹೊಡೆದಾಟ. ಒಬ್ಬ ಹುಡುಗನ ಹುಬ್ಬಿನ ಮೇಲೆ ಹೊಲಿಗೆ ಬಿತ್ತು. ಇನ್ನೊಬ್ಬನ ಮನೆಯವರು ಗೇಟಿನ ಬಳಿ ನಿಂತು ಕೂಗಾಡಿ ಟಿಸಿ ತೆಗೆದುಕೊಂಡು ಹೋದರು. ನಾನು ಯಾರ ಮೇಲೂ ಕೈ ಮಾಡಿದವಳಲ್ಲ. ಆದರೆ ಬೆಳಿಗ್ಗೆಯಿಂದ ಸಂಜೆಯವರೆಗೆ ಬೈಯುತ್ತಿದ್ದೆ, ತಡವಾಗಿ ಬಂದವರನ್ನು ಬಾಗಿಲಲ್ಲಿ ನಿಲ್ಲಿಸಿ ಎಲ್ಲರೆದುರು ಪ್ರಶ್ನಿಸುತ್ತಿದ್ದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಸೆಕ್ಷನ್ ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಅದರ ಮೊದಲ ಭಾಗ ನನಗೆ ಬಾಯಿಪಾಠವಾಗಿತ್ತು, ಎರಡನೆಯ ಭಾಗ ನನಗೂ ಅನ್ವಯಿಸುತ್ತದೆ ಎಂದು ಹೊಳೆದಿರಲಿಲ್ಲ. ಅದನ್ನು ಸಿಟ್ಟಿಲ್ಲದೆ, ಬೇರೆ ಯಾರ ಕಿವಿಗೂ ಬೀಳದಂತೆ ನನಗೆ ಹೇಳಿದವರು ನಮ್ಮ ಮುಖ್ಯಾಧ್ಯಾಪಕರು. ಮೊದಲ ಕೃತಜ್ಞತೆ ಅವರಿಗೆ.

ಅವರು ಇನ್ನೊಂದು ಕೆಲಸವನ್ನೂ ಹಚ್ಚಿದರು. ನಾನು ಒಂದು ನೋಟುಪುಸ್ತಕದಲ್ಲಿ ಯಾರು ಯಾರಿಗೆ ಹೊಡೆದರು ಎಂದು ಬರೆದಿಡುತ್ತಿದ್ದೆ. ‘ಯಾರು ಎಂಬುದನ್ನು ಸ್ವಲ್ಪ ದಿನ ಬಿಡಿ, ಎಲ್ಲಿ, ಎಷ್ಟು ಹೊತ್ತಿಗೆ ಎಂದು ಬರೆಯಿರಿ’ ಎಂದರು. ಎರಡು ಪುಟ ತುಂಬುವಷ್ಟರಲ್ಲಿ ಕಣ್ಣಿಗೆ ಹೊಡೆಯುವಂತೆ ಕಂಡಿತು. ಜಗಳಗಳಲ್ಲಿ ಹೆಚ್ಚಿನವು ಬಿಸಿಯೂಟಕ್ಕೆ ಮುಂಚೆ, ಕೈ ತೊಳೆಯುವ ನಲ್ಲಿಯ ಹತ್ತಿರ ನಡೆದಿದ್ದವು. ಇಡೀ ಶಾಲೆಗೆ ಇದ್ದದ್ದು ಅದೊಂದೇ ನಲ್ಲಿ. ಹಸಿದ ಮಕ್ಕಳು, ಕೆಸರು ನೆಲ, ಹಿಂದಿನಿಂದ ನೂಕು. ಎಸ್‌ಡಿಎಂಸಿಯವರು ಎರಡು ವಾರದಲ್ಲಿ ಅದೇ ಪೈಪಿಗೆ ಇನ್ನೂ ಎರಡು ನಲ್ಲಿ ಕೂಡಿಸಿದರು. ಪಾಲಕರೊಬ್ಬರು ಕೂಲಿಯನ್ನೂ ಕೇಳದೆ ಚಿರೇಕಲ್ಲು ತಂದು ಹಾಸಿಕೊಟ್ಟರು. ಮಕ್ಕಳ ಸ್ವಭಾವದ ದೋಷ ಎಂದು ನಾನು ತಿಳಿದಿದ್ದರಲ್ಲಿ ಅರ್ಧಕ್ಕರ್ಧ ನಲ್ಲಿಯ ದೋಷವಾಗಿತ್ತು.

ಉಳಿದರ್ಧವನ್ನು ಹೇಳಿಕೊಟ್ಟವರು ಬಿಸಿಯೂಟದ ಅಡುಗೆಯ ಅಕ್ಕ. ಅವರ ಬಗ್ಗೆ ಸ್ವಲ್ಪ ಉದ್ದಕ್ಕೇ ಬರೆಯಬೇಕು.

ತರಗತಿಯಲ್ಲಿ ಎಲ್ಲರಿಗಿಂತ ಹೆಚ್ಚು ತಡವಾಗಿ ಬರುತ್ತಿದ್ದ, ಎಲ್ಲರಿಗಿಂತ ಬೇಗ ಹೊಡೆಯಲು ಕೈ ಎತ್ತುತ್ತಿದ್ದ ಒಬ್ಬ ಹುಡುಗನಿದ್ದ. ತಂದೆ ದೂರದ ಬಂದರಿನ ಬೋಟಿನಲ್ಲಿ ಕೆಲಸಕ್ಕಿದ್ದರು, ಮನೆಯಲ್ಲಿ ಅಜ್ಜಿ ಮಾತ್ರ. ಅವನನ್ನು ಬಾಗಿಲಲ್ಲಿ ನಿಲ್ಲಿಸಿದ ಒಂದು ದಿನ ಅಕ್ಕ ಅಡುಗೆಮನೆಯಿಂದ ಬಂದು, ‘ಅಕ್ಕೋರೇ, ಅವನ ಕಾಲು ನೋಡಿ’ ಎಂದರು. ಮೊಣಕಾಲಿನವರೆಗೆ ಒಣಗಿದ ಬೂದು ಕೆಸರು, ಹಿಮ್ಮಡಿಯ ಹತ್ತಿರ ಚಿಪ್ಪು ಕೊಯ್ದ ಎರಡು ಹಸಿ ಗೆರೆ. ಅಜ್ಜಿಯ ಜೊತೆ ಅಳಿವೆಗೆ ಬಳಚು ಎಂಬ ಚಿಪ್ಪುಮೀನು ಆರಿಸಲು ಇಳಿದು ನೇರವಾಗಿ ಶಾಲೆಗೆ ಬಂದಿದ್ದ. ನೀರು ಇಳಿದಾಗಲೇ ಬಳಚು ಸಿಗುವುದು. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಸರಿಯುತ್ತದೆ, ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಇನ್ನಷ್ಟು ದೂರ ಇಳಿಯುತ್ತದೆ. ಹಾಜರಿ ಪುಸ್ತಕವನ್ನೂ ಪಂಚಾಂಗವನ್ನೂ ಪಕ್ಕಪಕ್ಕಕ್ಕೆ ಇಟ್ಟು ನೋಡಿದೆ. ಅವನು ತಡವಾಗಿ ಬಂದ ದಿನಗಳೆಲ್ಲ ಹುಣ್ಣಿಮೆ, ಅಮಾವಾಸ್ಯೆ ಕಳೆದ ದಿನಗಳಲ್ಲೇ ಗುಂಪಾಗಿದ್ದವು. ನಾನು ಇದೇ ತಾಲ್ಲೂಕಿನವಳು, ಬಳಚಿನ ಸಾರು ಉಂಡು ಬೆಳೆದವಳು. ಆದರೂ ನನಗೆ ಹೊಳೆದಿರಲಿಲ್ಲ.

‘ಬೆಳಿಗ್ಗೆ ಏನೂ ತಿಂದಿರುವುದಿಲ್ಲ ಅವನು’ ಎಂದೂ ಅಕ್ಕ ಹೇಳಿದರು. 2013ರಲ್ಲಿ ಕ್ಷೀರಭಾಗ್ಯ ಶುರುವಾದಾಗಿನಿಂದ ಶಾಲೆಯಲ್ಲಿ ಹಾಲು ಕಾಸುವವರು ಅವರೇ. ಲೆಕ್ಕದಂತೆ ಒಂದು ಮಗುವಿಗೆ 150 ಮಿಲಿ. ಅವರ ಅಳತೆ ಮಾತ್ರ ಬೇರೆ. ಲೋಟ ಕೊಡುವಾಗ ಮುಖ ನೋಡಿ ‘ತಿಂದು ಬಂದೆಯಾ?’ ಎಂದು ಕೇಳುತ್ತಾರೆ, ಇಲ್ಲ ಎಂದವರಿಗೆ ಉಳಿದ ಹಾಲು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವ ಆ 61 ದಿನಗಳಲ್ಲಿ ‘ಇಲ್ಲ’ ಎನ್ನುವವರು ಹೆಚ್ಚು ಎಂಬುದೂ ಅವರಿಂದಲೇ ನನಗೆ ತಿಳಿದದ್ದು. ‘ಆ ಹುಡುಗನಿಗೆ ಕೈತುಂಬ ಕೆಲಸ ಕೊಡಿ’ ಎಂದು ಅಕ್ಕ ಹೇಳಿ, ನನ್ನ ಒಪ್ಪಿಗೆಗೆ ಕಾಯದೆ ಮರುದಿನವೇ ಹಾಲಿನ ಲೋಟ ಎಣಿಸುವ ಕೆಲಸಕ್ಕೆ ಅವನನ್ನು ಹಚ್ಚಿದರು. ಅವನು ಒಂದೂ ತಪ್ಪದಂತೆ ಎಣಿಸಿದ. ಮೂರನೆಯ ದಿನ ಒಂದನೆಯ ತರಗತಿಯ ಪುಟ್ಟ ಹುಡುಗಿಯ ಲೋಟ ಉರುಳಿದಾಗ, ಯಾರೂ ಹೇಳದೆ, ತನ್ನ ಲೋಟದಿಂದ ಅರ್ಧ ಸುರಿದುಕೊಟ್ಟ.

ಅದನ್ನು ಕಂಡು ಒಂದು ಚೀಟಿ ಬರೆದು ಅವನ ಮನೆಗೆ ಕಳುಹಿಸಿದೆ. ಅಲ್ಲಿಯವರೆಗೆ ನಮ್ಮ ಶಾಲೆಯಿಂದ ಆ ಮನೆಗೆ ಹೋದದ್ದೆಲ್ಲ ದೂರುಗಳೇ. ಅಜ್ಜಿಗೆ ಓದು ಬರುವುದಿಲ್ಲ. ಪಡಿತರ ತರಲು ಸೊಸೈಟಿಗೆ ಹೋದಾಗ ರೇಷನ್ ಕಾರ್ಡಿನ ಜೊತೆ ಚೀಟಿಯನ್ನೂ ಕೊಟ್ಟು ಸಾಲಿನಲ್ಲಿ ನಿಂತವರೆದುರು ಓದಿಸಿದ್ದಾರೆ. ಮರುದಿನ ಶಾಲೆಗೇ ಬಂದರು. ನನ್ನ ಚೀಟಿಯಲ್ಲಿ ಇದ್ದದ್ದು ಇಷ್ಟೇ: ‘ನಿಮ್ಮ ಮೊಮ್ಮಗ ತುಂಬ ಒಳ್ಳೆಯ ಹುಡುಗ.’ ‘ಏನು ಮಾಡಿದ ಎಂದು ಬರೆದೇ ಇಲ್ಲವಂತಲ್ಲ ಅಕ್ಕೋರೇ? ಅಲ್ಲಿ ಎಲ್ಲರೂ ಕೇಳಿದರು, ನನಗೆ ಹೇಳಲು ಬರಲಿಲ್ಲ’ ಎಂದರು. ಅವರ ಎದುರೇ ಹೊಸ ಚೀಟಿ ಬರೆದೆ. ಹಾಲು ಚೆಲ್ಲಿದ್ದು, ಅವನು ಅರ್ಧ ಕೊಟ್ಟದ್ದು, ಆ ಮಗು ಅಳು ನಿಲ್ಲಿಸಿದ್ದು. ಅವರು ಅದನ್ನು ಮತ್ತೆ ಸೊಸೈಟಿಗೆ ಒಯ್ದು ಓದಿಸಿದರಂತೆ.

ಅಜ್ಜಿ, ನಾನು ಕುಳಿತ ಯಾವ ತರಬೇತಿಯಲ್ಲೂ ಇಷ್ಟು ದೊಡ್ಡ ಪಾಠ ಸಿಕ್ಕಿರಲಿಲ್ಲ. ಅಂದಿನಿಂದ ‘ಗುಡ್’, ‘ಶಹಭಾಸ್’, ‘ಜಾಣ’ ಎಂಬ ಮಾತುಗಳನ್ನು ಬಿಟ್ಟು, ಮಗು ಮಾಡಿದ್ದನ್ನೇ ಮಗುವಿಗೆ ಹೇಳತೊಡಗಿದೆ. ‘ನೀನು ಅವಳಿಗೆ ಜಾಗ ಬಿಟ್ಟೆ, ನೋಡಿದೆ.’ ‘ಸಿಟ್ಟು ಬಂದಾಗ ಹೊರಗೆ ಹೋಗಿ ನಿಂತೆ, ಹೊಡೆಯಲಿಲ್ಲ.’ ಜಾಣೆ, ಜಾಣೆ ಎಂದು ನಾವೆಲ್ಲ ಹೊಗಳಿದ ಒಬ್ಬ ಹುಡುಗಿ ಗಣಿತದಲ್ಲಿ ಕೈ ಎತ್ತುವುದನ್ನೇ ನಿಲ್ಲಿಸಿದ್ದಳು. ಅದಕ್ಕೂ ಕಾರಣ ಸಿಕ್ಕಿತು. 1998ರಲ್ಲಿ ಅಮೆರಿಕದಲ್ಲಿ ಕ್ಲಾಡಿಯಾ ಮ್ಯುಲರ್ ಮತ್ತು ಕ್ಯಾರಲ್ ಡ್ವೆಕ್ ಐದನೆಯ ತರಗತಿಯ ಮಕ್ಕಳ ಮೇಲೆ ನಡೆಸಿದ ಅಧ್ಯಯನ ಪ್ರಕಟವಾಯಿತು. ಬುದ್ಧಿವಂತರು ಎಂದು ಹೊಗಳಿಸಿಕೊಂಡ ಮಕ್ಕಳು ಒಮ್ಮೆ ಸೋತ ಮೇಲೆ, ಶ್ರಮಪಟ್ಟಿರಿ ಎಂದು ಹೊಗಳಿಸಿಕೊಂಡವರಿಗಿಂತ ಬೇಗ ಕೈಚೆಲ್ಲಿದ್ದರು. ಜಾಣೆ ಎಂಬ ಹೆಸರು ಕಳೆದುಕೊಳ್ಳುವ ಭಯ ಆ ಹುಡುಗಿಗೂ ಇತ್ತು. ಏಳನೆಯ ತರಗತಿಯ ಕೊನೆಗೆ ಅವಳು ಹಲಗೆಯ ಮೇಲೆ ತಪ್ಪು ಲೆಕ್ಕ ಮಾಡಿ, ಒರೆಸಿ, ಮತ್ತೆ ಮಾಡಿದ ದಿನ ನನಗೆ ಹಬ್ಬ.

ನಡುವೆ ಒಂದು ತಪ್ಪು ದಾರಿಯನ್ನೂ ಹಿಡಿದಿದ್ದೆ. ಗೋಡೆಗೆ ಪಟ್ಟಿ ಅಂಟಿಸಿ ಒಳ್ಳೆಯ ಕೆಲಸಕ್ಕೆ ನಕ್ಷತ್ರ, ಹತ್ತು ನಕ್ಷತ್ರಕ್ಕೆ ಪೆನ್ನು ಎಂದೆ. ಎರಡನೆಯ ವಾರ, ತಿಂದ ಚಿಕ್ಕಿಯ ಹೊದಿಕೆಗಳನ್ನು ತಾವೇ ಅಂಗಳದಲ್ಲಿ ಚೆಲ್ಲಿ, ನಾನು ಬರುವುದನ್ನು ನೋಡಿ ಹೆಕ್ಕುವ ಮಕ್ಕಳು ಕಂಡರು. ‘ಅಕ್ಕೋರೇ, ಅದನ್ನು ತೆಗೆದುಬಿಡಿ, ಎಲ್ಲರೂ ಸುಳ್ಳು ಮಾಡುತ್ತಿದ್ದಾರೆ’ ಎಂದು ಬಂದು ಹೇಳಿದವಳು ಆರನೆಯ ತರಗತಿಯದೇ ಒಬ್ಬ ಹುಡುಗಿ. ಅವಳಿಗೂ ನನ್ನ ನಮಸ್ಕಾರ. ಪಟ್ಟಿಯನ್ನು ಅಂದೇ ತೆಗೆದೆ.

ಅದರ ಬದಲು ಬಂದದ್ದು ಶನಿವಾರದ ಚೀಟಿ. ಕೊನೆಯ ಹತ್ತು ನಿಮಿಷ, ಪ್ರತಿ ಮಗುವೂ ಆ ವಾರ ತಾನು ಕಂಡ ಬೇರೆಯವರ ಒಂದು ಒಳ್ಳೆಯ ಕೆಲಸವನ್ನು ಬರೆದು ಡಬ್ಬಿಗೆ ಹಾಕಬೇಕು. ಬಹುಮಾನ ಇಲ್ಲ. ಮೊದಮೊದಲು ಗೆಳೆಯರು ಗೆಳೆಯರಿಗೇ ಬರೆದುಕೊಂಡರು. ಆಮೇಲೆ ಮಕ್ಕಳ ಕಣ್ಣು ದೂರ ಹಾಯತೊಡಗಿತು. ಜಗಳಗಳು ಪೂರ್ತಿ ನಿಂತವು ಎಂದು ನಾನು ಹೇಳುವುದಿಲ್ಲ. ನಿಂತಿಲ್ಲ. ಆದರೆ ಹೊಡೆದವನೇ ಸಂಜೆಯೊಳಗೆ ತಾನಾಗಿ ಮಾತನಾಡಿಸಲು ಹೋಗುವುದನ್ನು ನೋಡಿದ್ದೇನೆ, ಅದೂ ಒಂದೆರಡು ಸಲವಲ್ಲ.

ಈ ವರ್ಷದ ಕೊನೆಯ ಶನಿವಾರ ಡಬ್ಬಿಯಲ್ಲಿ ಅಡುಗೆಯ ಅಕ್ಕನ ಹೆಸರಿನ ಚೀಟಿಯೊಂದಿತ್ತು. ‘ಮೂರು ವರ್ಷ ದಿನವೂ ತಿಂದು ಬಂದೆಯಾ ಎಂದು ಕೇಳಿದರು. ತಿಂದಿದ್ದೇನೆ ಎಂದು ನಾನು ಸುಳ್ಳು ಹೇಳಿದರೂ ಕೊಟ್ಟರು.’ ಅಕ್ಷರ ಯಾರದೆಂದು ನೋಡಿದೊಡನೆ ಗೊತ್ತಾಯಿತು. ಅಕ್ಕ ಒಲೆಯ ಮುಂದೆ ಕುಳಿತು ಅದನ್ನು ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದರು. ಸೆರಗಿನಲ್ಲಿ ಕೈ ಒರೆಸಿಕೊಂಡು ಇನ್ನೊಮ್ಮೆ ಓದಿದರು.

ಮುಖ್ಯಾಧ್ಯಾಪಕರೇ, ಅಕ್ಕ, ಅಜ್ಜಿ, ಕಲ್ಲು ಹಾಸಿಕೊಟ್ಟ ಅಣ್ಣ, ಮತ್ತು ನನ್ನ ಎಂಟನೆಯ ತರಗತಿಯ ಮಕ್ಕಳೇ, ನಿಮಗೆಲ್ಲ ಕೈ ಮುಗಿಯುತ್ತೇನೆ. ಇನ್ನು ಆ ಹುಡುಗನನ್ನು ಸೇರಿಸಿಕೊಳ್ಳುವ ಪ್ರೌಢಶಾಲೆಯ ಮಾಸ್ತರರಲ್ಲಿ, ಅಕ್ಕೋರಲ್ಲಿ ಒಂದು ವಿನಂತಿ. ಹುಣ್ಣಿಮೆ, ಅಮಾವಾಸ್ಯೆ ಕಳೆದ ದಿನಗಳಲ್ಲಿ ಅವನು ತಡವಾಗಿ ಬಂದರೆ ಬಾಗಿಲಲ್ಲಿ ನಿಲ್ಲಿಸಬೇಡಿ, ಒಳಗೆ ಕರೆಯಿರಿ. ತಿಂದು ಬಂದೆಯಾ ಎಂದು ಕೇಳಿ. ಹೌದು ಎಂದರೂ ಇನ್ನೊಮ್ಮೆ ಕೇಳಿ.