ವಿದ್ಯಾರ್ಥಿವೇತನ ಬರುವ ಮುನ್ನವೇ ಪೂರ್ತಿ ಶುಲ್ಕ ಏಕೆ?

ಮಾನ್ಯ ಸಂಪಾದಕರೇ,

ರಾಯಚೂರು, ಕೊಪ್ಪಳ ಭಾಗದ ಕಾಲೇಜುಗಳಲ್ಲಿ ಪ್ರವೇಶದ ಗಡಿಬಿಡಿ, ಪೂರ್ತಿ ಶುಲ್ಕ ಕಟ್ಟುವ ಒತ್ತಾಯ ಇರುವುದು ಮುಂಗಾರಿನ ತಿಂಗಳುಗಳಲ್ಲಿ. ಹೊಲ ಇದ್ದವರ ಕೈಯಲ್ಲಿನ ರೊಕ್ಕವೆಲ್ಲ ಬೀಜ, ಗೊಬ್ಬರಕ್ಕೆ ಹೋಗುವುದೂ ಆಗಲೇ. ಹತ್ತಿ ಮಾರಿ ನಾಲ್ಕು ಕಾಸು ಕಾಣಬೇಕೆಂದರೆ ದೀಪಾವಳಿ ದಾಟಬೇಕು. ಸರ್ಕಾರದ ವಿದ್ಯಾರ್ಥಿವೇತನ ಅದಕ್ಕಿಂತಲೂ ತಡ, ಕೆಲವರಿಗೆ ಪರೀಕ್ಷೆ ಮುಗಿದ ಮೇಲೆ ಜಮಾ ಆಗುತ್ತದೆ. ನಡುವಿನ ತಿಂಗಳುಗಳಿಗೆ ಪಾಲಕರು ಕೈಗಡ ತರುತ್ತಾರೆ, ಸಂಘದಲ್ಲಿ ಸಾಲ ಎತ್ತುತ್ತಾರೆ, ಅದೂ ಆಗದಿದ್ದರೆ ಮಗಳ ಓದು ನಿಲ್ಲಿಸುತ್ತಾರೆ. ಯೋಜನೆಗಳು ಸಾಕಷ್ಟಿವೆ. ಆದರೆ ಹಣ ಹಾದಿಯಲ್ಲಿ ಎಲ್ಲೆಲ್ಲಿ ಸಿಕ್ಕಿಕೊಳ್ಳುತ್ತದೆ ಎಂಬುದನ್ನು ಪಾಲಕರಿಗೆ ಯಾರೂ ಬಿಡಿಸಿ ಹೇಳುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ಸಿಕ್ಕಿಕೊಳ್ಳುವುದು ಬ್ಯಾಂಕಿನಲ್ಲಿ. ವಿದ್ಯಾರ್ಥಿವೇತನ ಹೋಗುವುದು ಅರ್ಜಿಯಲ್ಲಿ ಬರೆದ ಖಾತೆಗಲ್ಲ, ಬ್ಯಾಂಕುಗಳ ನಡುವಿನ ಹಣ ಪಾವತಿ ನಿಗಮವಾದ ಎನ್‌ಪಿಸಿಐ ಪಟ್ಟಿಯಲ್ಲಿ ವಿದ್ಯಾರ್ಥಿಯ ಆಧಾರ್‌ಗೆ ಜೋಡಿಸಿದ ಖಾತೆಗೆ. ಖಾತೆ ತೆರೆಯುವಾಗ ಆಧಾರ್ ಜೆರಾಕ್ಸ್ ಕೊಟ್ಟಿದ್ದೇವೆ, ಲಿಂಕ್ ಆಗಿದೆ ಎಂದು ಮಕ್ಕಳು ನಂಬಿರುತ್ತಾರೆ. ಅದು ಗ್ರಾಹಕರ ಗುರುತು ಪರಿಶೀಲನೆಗೆ (ಕೆವೈಸಿ) ಮಾತ್ರ. ನೇರ ಹಣ ವರ್ಗಾವಣೆಗೆ ಒಪ್ಪಿಗೆ ಕೊಡುವ ನಮೂನೆಯನ್ನು ಶಾಖೆಯಲ್ಲಿ ಬೇರೆಯಾಗಿಯೇ ತುಂಬಿ ಕೊಡಬೇಕು. ಒಂದು ಆಧಾರ್‌ಗೆ ಒಂದು ಸಲಕ್ಕೆ ಒಂದೇ ಖಾತೆ, ಕೊನೆಗೆ ಜೋಡಿಸಿದ್ದು ಯಾವುದೋ ಅದಕ್ಕೇ ಹಣ. ಸಿಮ್ ಕೊಳ್ಳುವಾಗ ಅಂಗಡಿಯವರು ತೆರೆದುಕೊಟ್ಟ ಪೇಮೆಂಟ್ಸ್ ಬ್ಯಾಂಕ್ ಖಾತೆ ನಂತರ ಜೋಡಣೆಯಾಗಿದ್ದರೆ ಹಣ ಅಲ್ಲಿಗೆ ಹೋಗಿ ಕುಳಿತಿರುತ್ತದೆ. ವಿದ್ಯಾರ್ಥಿ ಮಾತ್ರ ಗ್ರಾಮೀಣ ಬ್ಯಾಂಕಿನ ಪಾಸ್‌ಬುಕ್ ಹಿಡಿದು ಅಲೆಯುತ್ತಿರುತ್ತಾನೆ. ಪರಿಹಾರ ಸರಳ: ಅರ್ಜಿ ಹಾಕುವ ಮೊದಲೇ ಮೈ ಆಧಾರ್ ಜಾಲತಾಣದಲ್ಲಿ ಬ್ಯಾಂಕ್ ಸೀಡಿಂಗ್ ಸ್ಥಿತಿ ತೆರೆದು, ಯಾವ ಬ್ಯಾಂಕಿನ ಹೆಸರಿದೆ, ಸಕ್ರಿಯ ಎಂದು ತೋರಿಸುತ್ತಿದೆಯೇ ಎಂದು ನೋಡಬೇಕು.

ಖಾತೆ ಜೀವಂತವಾಗಿರಬೇಕು ಎಂಬುದೂ ಮುಖ್ಯ. ಎರಡು ವರ್ಷ ವಹಿವಾಟೇ ಇಲ್ಲದ ಖಾತೆ ನಿಷ್ಕ್ರಿಯವಾಗುತ್ತದೆ. ಶಾಲೆಯಲ್ಲಿದ್ದಾಗ ಅಪ್ರಾಪ್ತರ ಹೆಸರಿನಲ್ಲಿ ತೆರೆದ ಖಾತೆಗೆ 18 ತುಂಬಿದ ಮೇಲೆ ಹೊಸದಾಗಿ ಕೆವೈಸಿ ಕೊಡಲೇಬೇಕು. ಗ್ರಾಮೀಣ ಬ್ಯಾಂಕುಗಳು 2019ರಲ್ಲಿ ಒಮ್ಮೆ, 2025ರ ಮೇ 1ರಂದು ಮತ್ತೊಮ್ಮೆ ವಿಲೀನವಾಗಿ ಈಗ ಬಳ್ಳಾರಿಯಲ್ಲಿ ಮುಖ್ಯ ಕಚೇರಿ ಇರುವ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಗಿವೆ. ಹಳೆಯ ಪಾಸ್‌ಬುಕ್ ನೋಡಿ ಐಎಫ್‌ಎಸ್‌ಸಿ ಬರೆಯುವವರು ಶಾಖೆಯಲ್ಲಿ ಒಮ್ಮೆ ಕೇಳಿಕೊಳ್ಳುವುದು ಒಳ್ಳೆಯದು.

ಎರಡನೆಯ ತೊಡಕು ಹೆಸರಿನದು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ತಂದೆಯ ಹೆಸರು ಸೇರಿದ ಪೂರ್ಣ ಹೆಸರು, ಆಧಾರ್‌ನಲ್ಲಿ ಬರೀ ಹೆಸರು, ಜಾತಿ-ಆದಾಯ ಪತ್ರದಲ್ಲಿ ಮನೆತನದ ಹೆಸರು ಮುಂದೆ. ಮಲ್ಲಮ್ಮ ಎಂಬ ಹೆಸರಿನ ಇಂಗ್ಲಿಷ್ ಕಾಗುಣಿತದಲ್ಲಿ ಒಂದು ಅಕ್ಷರ ಕಡಿಮೆಯಾದರೂ ವಿದ್ಯಾರ್ಥಿವೇತನದ ಅರ್ಜಿ ಪಡೆಯುವ ರಾಜ್ಯ ಸರ್ಕಾರದ ಎಸ್‌ಎಸ್‌ಪಿ ತಂತ್ರಾಂಶ ತಾಳೆ ಆಗುತ್ತಿಲ್ಲ ಎನ್ನುತ್ತದೆ. ತಿದ್ದಿಸುವುದಾದರೆ ಅಂಕಪಟ್ಟಿಯನ್ನು ಹಾಗೇ ಇಟ್ಟು ಆಧಾರನ್ನು ಅದಕ್ಕೆ ಸರಿಹೊಂದಿಸಿ. ಅಂಕಪಟ್ಟಿ ತಿದ್ದಿಸುವುದು ಬಹಳ ಕಷ್ಟದ ಕೆಲಸ. ಆಧಾರ್‌ಗೆ ಕೊಟ್ಟ ಮೊಬೈಲ್ ಸಂಖ್ಯೆ ಎಷ್ಟೋ ಮಕ್ಕಳಿಗೆ ಅಪ್ಪನದೇ. ದೇವದುರ್ಗ, ಮಸ್ಕಿ, ಲಿಂಗಸುಗೂರು ಕಡೆಯಿಂದ ಗುಳೆ ಹೋದ ಅಪ್ಪ ಬೆಂಗಳೂರಿನ ಕಟ್ಟಡದ ಕೆಲಸದಲ್ಲಿರುವಾಗ ಓಟಿಪಿ ಅವರ ಫೋನಿಗೆ ಬರುತ್ತದೆ, ಅವರು ಅದನ್ನು ಓದಿ ಹೇಳುವಷ್ಟರಲ್ಲಿ ಅವಧಿ ಮುಗಿದಿರುತ್ತದೆ. ಗುಳೆ ಹೊರಡುವ ಮೊದಲೇ ಮಕ್ಕಳ ಆಧಾರ್‌ಗೆ ಅವರದೇ ಸಂಖ್ಯೆ ಹಾಕಿಸಿಬಿಡುವುದು ಮೇಲು.

ಆದಾಯ ಪ್ರಮಾಣಪತ್ರ ಐದು ವರ್ಷಕ್ಕೆ ಮಾತ್ರ. ಹತ್ತನೇ ತರಗತಿಯಲ್ಲಿ ಮಾಡಿಸಿದ್ದು ಪದವಿಯ ನಡುವೆ ತೀರಿಹೋಗುತ್ತದೆ. ಅರ್ಜಿಯ ಕೊನೆಯ ವಾರ ನಾಡಕಚೇರಿಗೆ ಓಡುವ ಬದಲು ಪ್ರತಿ ವರ್ಷ ಮೇ ತಿಂಗಳಲ್ಲಿ ಅದರ ಮೇಲಿನ ದಿನಾಂಕ ನೋಡಿಕೊಂಡರೆ ಸಾಕು. ಕಲ್ಯಾಣ ಕರ್ನಾಟಕದ ಮೀಸಲಾತಿಗೆ ಬೇಕಾದ 371ಜೆ ಪ್ರಮಾಣಪತ್ರ ಬೇರೆಯದೇ, ಅದನ್ನು ಕೊಡುವುದು ಉಪವಿಭಾಗಾಧಿಕಾರಿ. ಸಿಇಟಿ ದಾಖಲೆ ಪರಿಶೀಲನೆಗೆ ಮೊದಲೇ ಅದು ಕೈಯಲ್ಲಿರಬೇಕು.

ಅರ್ಜಿ ಸಲ್ಲಿಸಿ ಸ್ವೀಕೃತಿ ಮುದ್ರಿಸಿಕೊಂಡರೆ ಕೆಲಸ ಮುಗಿಯಿತು ಎಂದು ಸೈಬರ್ ಸೆಂಟರ್‌ನವರು ಹೇಳಿ ಕಳಿಸುತ್ತಾರೆ. ಮುಗಿದಿರುವುದಿಲ್ಲ. ಅದು ಕಾಲೇಜಿನ ಲಾಗಿನ್‌ಗೆ ಹೋಗಿ ಪರಿಶೀಲನೆಯಾಗಿ, ಅಲ್ಲಿಂದ ಇಲಾಖೆಯ ಅಧಿಕಾರಿಗೆ, ಬಳಿಕ ಮಂಜೂರಾತಿ, ಖಜಾನೆ ಎಂದು ಸಾಗುತ್ತದೆ. ಮೊದಲ ವರ್ಷದವರಿಗೆ ವಿಶ್ವವಿದ್ಯಾಲಯದ ನೋಂದಣಿ ಸಂಖ್ಯೆ ತಡವಾಗಿ ಸಿಗುವುದರಿಂದ ಎಸ್‌ಎಸ್‌ಪಿ ಅವರ ದಾಖಲೆಯನ್ನೇ ಗುರುತಿಸುವುದಿಲ್ಲ. ಇದರಲ್ಲಿ ವಿದ್ಯಾರ್ಥಿಯ ತಪ್ಪು ಏನೇನೂ ಇಲ್ಲ. ಕಾಲೇಜು ಶುಲ್ಕದ ವಿವರವನ್ನೇ ತಂತ್ರಾಂಶಕ್ಕೆ ತುಂಬದಿದ್ದರೆ ಅಷ್ಟೂ ಮಕ್ಕಳ ಶುಲ್ಕ ಮರುಪಾವತಿ ನಿಂತುಬಿಡುತ್ತದೆ. ಹಾಗಾಗಿ ತಿಂಗಳಿಗೊಮ್ಮೆ ಎಸ್‌ಎಸ್‌ಪಿಯಲ್ಲಿ ಅರ್ಜಿಯ ಸ್ಥಿತಿಯನ್ನೂ, ಡಿಬಿಟಿ ಕರ್ನಾಟಕ ಆ್ಯಪ್‌ನಲ್ಲಿ ಜಮಾ ವಿವರವನ್ನೂ ನೋಡುತ್ತಿರಬೇಕು. ವಾಪಸ್ ಬಂದ ಅರ್ಜಿಯನ್ನು ಗಡುವಿನೊಳಗೆ ತಿದ್ದಿ ಕಳಿಸದಿದ್ದರೆ ಆ ವರ್ಷ ಕೈತಪ್ಪಿತೆಂದೇ ಲೆಕ್ಕ.

ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಕುಟುಂಬದ ಆದಾಯ ಮಿತಿ ವರ್ಷಕ್ಕೆ 2.5 ಲಕ್ಷ ರೂಪಾಯಿ. ಇದರಲ್ಲಿ ಕೇಂದ್ರದ ಪಾಲು ಶೇ 60, ರಾಜ್ಯದ್ದು ಶೇ 40. ಕೇಂದ್ರದ ಪಾಲು ಈಗ ಕಾಲೇಜಿಗೆ ಹೋಗದೆ ನೇರ ವಿದ್ಯಾರ್ಥಿಯ ಖಾತೆಗೆ ಬೀಳುತ್ತದೆ. ಎರಡು ಪಾಲು ಎರಡು ಹೊತ್ತಿನಲ್ಲಿ ಬರುವುದರಿಂದ ಯಾವುದು ಶುಲ್ಕದ ಹಣ, ಯಾವುದು ಖರ್ಚಿನ ಹಣ ಎಂದು ಮನೆಯವರಿಗೆ ತಿಳಿಯುವುದಿಲ್ಲ. ಆಸ್ಪತ್ರೆಗೋ ಬಿತ್ತನೆಗೋ ಅದು ಕರಗಿರುತ್ತದೆ, ವರ್ಷದ ಕೊನೆಗೆ ಕಾಲೇಜು ಟಿಸಿ ತಡೆಹಿಡಿಯುತ್ತದೆ. ಕೇಂದ್ರದ ಮಾರ್ಗಸೂಚಿಯಲ್ಲಿ ಫ್ರೀಶಿಪ್ ಕಾರ್ಡ್ ಎಂಬ ವ್ಯವಸ್ಥೆ ಇದೆ: ಮೊದಲು ಶುಲ್ಕ ಕಟ್ಟದೆ ಸೇರುವುದು, ಹಣ ಬಂದ ಮೇಲೆ ಸಂಸ್ಥೆಗೆ ಕಟ್ಟುವುದು. ಈ ಮಾತನ್ನೇ ಕೇಳಿರದ ಪಾಲಕರು ನಮ್ಮ ಜಿಲ್ಲೆಯಲ್ಲಿ ಲೆಕ್ಕವಿಲ್ಲದಷ್ಟು ಇದ್ದಾರೆ, ಇದು ನೋವಿನ ಸಂಗತಿ. ಇನ್ನೊಂದು ಎಚ್ಚರಿಕೆ: ಮ್ಯಾನೇಜ್‌ಮೆಂಟ್ ಕೋಟಾದ ಸೀಟಿಗೆ ಈ ವಿದ್ಯಾರ್ಥಿವೇತನ ಸಿಗುವುದಿಲ್ಲ. ‘ಈಗ ಕಟ್ಟಿರಿ, ಸ್ಕಾಲರ್‌ಶಿಪ್‌ನಲ್ಲಿ ವಾಪಸ್ ಬರುತ್ತದೆ’ ಎಂದು ನರ್ಸಿಂಗ್, ಪ್ಯಾರಾಮೆಡಿಕಲ್ ಸೀಟು ಮಾರುವ ಮಧ್ಯವರ್ತಿಯ ಮಾತು ನಂಬಿ ಹೊಲ ಅಡವಿಡಬೇಡಿ. ಸೀಟು ಯಾವ ಕೋಟಾದ್ದು ಎಂದು ಪ್ರವೇಶ ಪತ್ರದಲ್ಲೇ ಬರೆಸಿಕೊಳ್ಳಿ.

ಹಿಂದುಳಿದ ವರ್ಗದವರಿಗೆ ಹಾಸ್ಟೆಲ್ ಸೀಟು ಸಿಗದಿದ್ದರೆ ಊಟ-ವಸತಿಗೆಂದು ವಿದ್ಯಾಸಿರಿ ಯೋಜನೆಯಲ್ಲಿ ಹತ್ತು ತಿಂಗಳು ಮಾಸಿಕ ನೆರವು ಇದೆ. ಹಾಸ್ಟೆಲ್‌ನಲ್ಲಿದ್ದುಕೊಂಡು ಇದನ್ನೂ ಪಡೆಯುವಂತಿಲ್ಲ. ರೈತರ ಮಕ್ಕಳ ವಿದ್ಯಾರ್ಥಿವೇತನವಾದ ರೈತ ವಿದ್ಯಾನಿಧಿಗೆ ಫ್ರೂಟ್ಸ್ ಐಡಿ, ಅಂದರೆ ಸರ್ಕಾರದಲ್ಲಿ ರೈತರ ನೋಂದಣಿ ಸಂಖ್ಯೆ, ಬೇಕು. ಪಹಣಿ ಇನ್ನೂ ತೀರಿಕೊಂಡ ಅಜ್ಜನ ಹೆಸರಿನಲ್ಲೇ ಇದ್ದರೆ ಅಪ್ಪನಿಗೆ ಆ ಐಡಿ ಆಗುವುದಿಲ್ಲ, ಮೊದಲು ಪೌತಿ ಖಾತೆ, ಅಂದರೆ ವಾರಸುದಾರರ ಹೆಸರಿಗೆ ಜಮೀನಿನ ವರ್ಗಾವಣೆ, ಆಗಬೇಕು.

ಶಿಕ್ಷಣ ಸಾಲದ ಬಗ್ಗೆಯೂ ಹೇಳಬೇಕು. 4 ಲಕ್ಷದವರೆಗಿನ ಸಾಲಕ್ಕೆ ಬ್ಯಾಂಕ್ ಅಡವು ಕೇಳುವಂತಿಲ್ಲ. ಕೋರ್ಸ್ ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಿಲ್ಲ. ಕುಟುಂಬದ ಆದಾಯ 4.5 ಲಕ್ಷದೊಳಗಿದ್ದು, ಶಿಕ್ಷಣದ ಗುಣಮಟ್ಟ ಅಳೆಯುವ ನ್ಯಾಕ್ ಅಥವಾ ಎನ್‌ಬಿಎ ಮಾನ್ಯತೆಯ ಸಂಸ್ಥೆಯಲ್ಲಿ ವೃತ್ತಿಪರ ಕೋರ್ಸ್ ಓದುತ್ತಿದ್ದರೆ ಆ ಅವಧಿಯ ಬಡ್ಡಿಯನ್ನು ಕೇಂದ್ರವೇ ಭರಿಸುತ್ತದೆ. ಬಿ.ಎ., ಬಿ.ಕಾಂ.ಗೆ ಈ ಸೌಲಭ್ಯ ಇಲ್ಲ. 2024ರ ನವೆಂಬರ್‌ನಲ್ಲಿ ಒಪ್ಪಿಗೆ ಪಡೆದ ಪಿಎಂ ವಿದ್ಯಾಲಕ್ಷ್ಮಿ ಎಂಬ ಶಿಕ್ಷಣ ಸಾಲ ಯೋಜನೆ ಆಯ್ದ ಸಂಸ್ಥೆಗಳಿಗೆ ಮಾತ್ರ, ಸೇರುವ ಕಾಲೇಜು ಪಟ್ಟಿಯಲ್ಲಿದೆಯೇ ಎಂದು ಮೊದಲು ನೋಡಿಕೊಳ್ಳಿ. ನಮ್ಮ ಕಡೆ ಸಾಲ ತಪ್ಪುವುದು ಬಹುಮಟ್ಟಿಗೆ ಅಪ್ಪನ ಬೆಳೆಸಾಲದ ಬಾಕಿಯು ಸಾಲದ ಇತಿಹಾಸ ದಾಖಲಿಸುವ ಸಿಬಿಲ್‌ನಲ್ಲಿ ಕಂಡಾಗ. ಬಾಯಿಮಾತಿನಲ್ಲಿ ‘ಆಗುವುದಿಲ್ಲ’ ಎಂದರೆ ಮನೆಗೆ ಬರಬೇಡಿ. ಕಾರಣವನ್ನು ಬರೆದುಕೊಡಿ ಎಂದು ಕೇಳಿ, ಆ ಪತ್ರದೊಂದಿಗೆ ಜಿಲ್ಲೆಯ ಬ್ಯಾಂಕುಗಳ ಸಮನ್ವಯ ನೋಡುವ ಲೀಡ್ ಬ್ಯಾಂಕ್ ವ್ಯವಸ್ಥಾಪಕರನ್ನು ಕಾಣಿರಿ.

ಇಷ್ಟೆಲ್ಲವನ್ನೂ ಪ್ರತಿ ಕುಟುಂಬ ತಾನೇ ಅರಿತು ನಿಭಾಯಿಸಲಿ ಎಂದು ಬಿಡುವುದು ಸರಿಯಲ್ಲ. ಜಿಲ್ಲಾಡಳಿತ ಮನಸ್ಸು ಮಾಡಿದರೆ ಹೊಸ ಅನುದಾನವಿಲ್ಲದೆ ಮೂರು ಕೆಲಸ ಆಗಬಲ್ಲವು. ಪ್ರವೇಶದ ದಿನಗಳಲ್ಲಿ ಪ್ರತಿ ತಾಲ್ಲೂಕಿನ ಒಂದು ಸರ್ಕಾರಿ ಕಾಲೇಜಿನಲ್ಲಿ ಬ್ಯಾಂಕ್, ಆಧಾರ್, ನಾಡಕಚೇರಿ ಸಿಬ್ಬಂದಿ ಒಂದೇ ಸೂರಿನಡಿ ಕೂರಲಿ. ಯಾವ ಅರ್ಜಿ ಯಾವ ಕಾಲೇಜಿನ ಲಾಗಿನ್‌ನಲ್ಲಿ ಎಷ್ಟು ದಿನದಿಂದ ಬಾಕಿ ಇದೆ ಎಂಬ ಪಟ್ಟಿಯನ್ನು ಪ್ರತಿ ತಿಂಗಳು ಪ್ರಾಂಶುಪಾಲರ ಸಭೆಯಲ್ಲಿ ಓದಲಿ. ಮತ್ತು ಎಸ್‌ಎಸ್‌ಪಿ ಸ್ವೀಕೃತಿ ತೋರಿಸುವ ವಿದ್ಯಾರ್ಥಿಯಿಂದ ಖಾಸಗಿ ಕಾಲೇಜುಗಳು ಪೂರ್ತಿ ಶುಲ್ಕವನ್ನು ಒಂದೇ ಸಲ ವಸೂಲು ಮಾಡದೆ, ಒಂದು ಕಂತನ್ನಾದರೂ ಹತ್ತಿ ಮಾರಾಟವಾಗುವ ಡಿಸೆಂಬರ್‌ವರೆಗೆ ಮುಂದೂಡುವಂತೆ ಈ ಪ್ರವೇಶದ ಸಾಲಿನಲ್ಲೇ ಸುತ್ತೋಲೆ ಹೊರಡಿಸಲಿ.

— ಕೆಲವು ಕಾಲೇಜು ಅಧ್ಯಾಪಕರು,
ಲಿಂಗಸುಗೂರು, ರಾಯಚೂರು ಜಿಲ್ಲೆ