ಚೇಳಿನ ರಾಶಿಯೊಳಗೊಬ್ಬ ಮಿತ್ರ

ಕೊಪ್ಪ
ವೃಶ್ಚಿಕ ಸಂಕ್ರಮಣದ ಮಾರನೇ ದಿನ

ಚಿ. ನಂದಿನಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ನಾವಿಲ್ಲಿ ಕ್ಷೇಮ. ಅಡಿಕೆ ಕೊಯ್ಲು ಶುರುವಾಗಿದೆ. ಅಂಗಳದಲ್ಲಿ ಅಡಿಕೆ ಬೇಯಿಸುವ ಹಂಡೆ ಇಳಿಸಲಿಕ್ಕೆ ಪುರುಸೊತ್ತಿಲ್ಲ, ನಿನ್ನ ದೊಡ್ಡಮ್ಮನ ಕೈಯೆಲ್ಲ ಅಡಿಕೆಯ ಚೊಗರು. ಇದರ ನಡುವೆ ಕಾಗದ ಬರೆಯಲು ಕೂತಿದ್ದೇನೆ ಅಂದರೆ ವಿಷಯ ನನ್ನ ಮನಸ್ಸಿನಲ್ಲಿ ಕೊರೆಯುತ್ತಿದೆ ಅಂತ ತಿಳಿ.

ದೀಪಾವಳಿಗೆ ಬಂದಾಗ ನಿನ್ನ ಅಕ್ಕನ ಮಾತೆತ್ತಿದರೆ ನೀನು ಒಂದೇ ಮಾತು ಹೇಳಿದೆ: "ನಂದು ವೃಶ್ಚಿಕ ದೊಡ್ಡಪ್ಪ, ಮನಸ್ಸಿನಿಂದ ಹೋದವರು ಹೋದ ಹಾಗೇ." ಯುಗಾದಿಯಿಂದ ಅವಳ ಫೋನ್ ಎತ್ತಿಲ್ಲವಂತೆ. ನಿನ್ನ ಜಾತಕ ಬರೆದವನು ನಾನು. ಹಾಗಾಗಿ ಉತ್ತರ ಕೊಡುವ ಹಕ್ಕು ನನಗಿದೆ.

ಮೊಬೈಲಿನಲ್ಲಿ ಹುಟ್ಟಿದ ತಾರೀಖು ಹಾಕಿದರೆ ನಿನಗೆ ಕುಂಭ ಅಂತ ಬರುತ್ತದೆ. ಅದು ಸೂರ್ಯನ ಲೆಕ್ಕ. ನಾವು ನೋಡುವುದು ಚಂದ್ರ ಎಲ್ಲಿದ್ದ ಅಂತ. ಒಳ್ಳೆಯ ದಿನ ಕುಂಭ, ಸಿಟ್ಟು ಬಂದ ದಿನ ವೃಶ್ಚಿಕ ಅಂತ ನಿನ್ನ ಅನುಕೂಲಕ್ಕೆ ಬದಲಾಯಿಸಿಕೊಳ್ಳುವುದು ಯಾವ ಶಾಸ್ತ್ರವೋ ನಾನು ಕಾಣೆ.

ವೃಶ್ಚಿಕಕ್ಕೆ ಒಡೆಯ ಕುಜ, ಅಂದರೆ ಮಂಗಳ. ಮೇಷಕ್ಕೂ ಅವನೇ. ಆದರೆ ಮೇಷ ಅಗ್ನಿತತ್ತ್ವ, ಚರರಾಶಿ; ಅವರ ಸಿಟ್ಟು ಒಣ ಸೋಗೆಗೆ ಬೆಂಕಿ ಬಿದ್ದ ಹಾಗೆ, ಧಗ್ಗೆಂದು ಉರಿದು ಆರಿಹೋಗುತ್ತದೆ. ವೃಶ್ಚಿಕ ಜಲತತ್ತ್ವ, ಸ್ಥಿರರಾಶಿ. ತುಂಗೆಯ ಮಡು ನೋಡಿದ್ದೀಯಲ್ಲ, ಮೇಲೆ ಎಲೆ ತೇಲುತ್ತಿರುತ್ತದೆ, ಕೆಳಗೆ ಆಳ ಎಷ್ಟೋ. ಕೊಟ್ಟ ಮಾತೂ ಅಲ್ಲೇ ಉಳಿಯುತ್ತದೆ, ತಿಂದ ಏಟೂ ಅಲ್ಲೇ. ನಿನ್ನ ಅಜ್ಜಿಯ ಕಾಯಿಲೆಯಲ್ಲಿ ಹದಿನೆಂಟು ರಾತ್ರಿ ಕೂತವಳು ನೀನೇ, ಎಂಟು ತಿಂಗಳು ಅಕ್ಕನ ಹೆಸರು ಹೇಳದವಳೂ ನೀನೇ. ಎರಡೂ ಅದೇ ಮಡುವಿನ ನೀರು.

ಚೇಳಿನ ವಿಷಯ ಪೇಟೆಯವರಿಗೆ ಕುಟುಕುವುದಷ್ಟೇ ಗೊತ್ತು. ಮೊನ್ನೆ ಅಡಿಕೆ ಸಿಪ್ಪೆಯ ರಾಶಿ ಎತ್ತುವಾಗ ಒಂದು ಕರಿಚೇಳು ಸಿಕ್ಕಿತು, ಬೆನ್ನ ತುಂಬ ಬೆಳ್ಳನೆಯ ಮರಿಗಳು. ಕೊಂಡಿ ಎತ್ತಲೂ ಇಲ್ಲ, ಹೊತ್ತುಕೊಂಡು ಸಂದಿಗೆ ಸರಿಯಿತು. ತುಳಿದಿದ್ದರೆ ಬಿಡುತ್ತಿರಲಿಲ್ಲ, ಅದು ಬೇರೆ.

ಈಗ ನಿನ್ನ ಜಾತಕಕ್ಕೆ ಬರುತ್ತೇನೆ. ಚಂದ್ರನಿಗೆ ವೃಶ್ಚಿಕ ನೀಚಸ್ಥಾನ, ಅಂದರೆ ಬಲ ಕುಗ್ಗುವ ಜಾಗ; 3 ಡಿಗ್ರಿಗೆ ಪರಮನೀಚ, ತೀರ ತಳ. ಇದನ್ನು ಓದಿಯೇ ನೀನು ಹೆದರಿದ್ದು, ಅಲ್ಲವಾ? ಒಂದೊಂದು ನಕ್ಷತ್ರಕ್ಕೆ ನಾಲ್ಕು ಪಾದ. ಈ ರಾಶಿಯಲ್ಲಿ ವಿಶಾಖದ ಕೊನೇ ಪಾದ, ಅನೂರಾಧ ಪೂರ್ತಿ, ಜ್ಯೇಷ್ಠಾ ಪೂರ್ತಿ, ಒಟ್ಟು ಒಂಬತ್ತು ಪಾದ. ನಿನ್ನದು ಅನೂರಾಧದ ಒಂದನೇ ಪಾದ, ಅದಕ್ಕೇ 'ನ' ಅಕ್ಷರ ಇಟ್ಟಿದ್ದು. ಆ ಪಾದ ಶುರುವಾಗುವುದೇ 3 ಡಿಗ್ರಿ 20 ಕಲೆಗೆ (ಒಂದು ಡಿಗ್ರಿಗೆ 60 ಕಲೆ). ಅಂದರೆ ನಿನ್ನ ಚಂದ್ರ ತಳ ಮುಟ್ಟಿ ಆಗಿದೆ, ಮೇಲೆ ಹತ್ತುತ್ತಿದ್ದಾನೆ. ಅಂಥವನಿಗೆ ಆರೋಹಿ ಅನ್ನುತ್ತಾರೆ. ಇನ್ನು ಅನೂರಾಧಕ್ಕೆ ದೇವತೆ ಯಾರು ಗೊತ್ತಾ? ಮಿತ್ರ. ಚೇಳಿನ ರಾಶಿಯ ನಟ್ಟನಡುವೆ ಸ್ನೇಹದ ದೇವರನ್ನು ಕೂರಿಸಿದ್ದಾರೆ ಹಿರಿಯರು. ನೀನು ಕೊಂಡಿಯನ್ನು ಮಾತ್ರ ಓದಿಕೊಂಡೆ.

ಚಂದ್ರ ಒಂದು ರಾಶಿಯಲ್ಲಿ ಇರುವುದು ಸುಮಾರು ಎರಡೂಕಾಲು ದಿನ. ಅಷ್ಟರಲ್ಲಿ ಹುಟ್ಟಿದ ಮಕ್ಕಳೆಲ್ಲ ಈಗ ಅಕ್ಕಂದಿರ ಫೋನ್ ಎತ್ತದೆ ಕೂತಿದ್ದಾರಾ?

ಒಂದು ಮಾತು ನಿನಗೆ ಯಾರೂ ಹೇಳಿರಲಿಕ್ಕಿಲ್ಲ. ನನ್ನದೂ ವೃಶ್ಚಿಕವೇ, ಜ್ಯೇಷ್ಠಾ. ತೋಟ ಹಿಸ್ಸೆಯಾದಾಗ ಒಂದು ಬಸಿಗಾಲುವೆ ಯಾರ ಪಾಲಿಗೆ ಅಂತ ನಿನ್ನ ಅಪ್ಪನ ಹತ್ತಿರ ಮಾತು ಬಿಟ್ಟವನು ನಾನು. ನಾಲ್ಕು ವರ್ಷ. ಬೇಲಿಯಾಚೆ ಅವನ ಕೆಮ್ಮು ಕೇಳಿಸುತ್ತಿತ್ತು, ನಾನು ಮುಖ ತಿರುಗಿಸುತ್ತಿದ್ದೆ. ಕೇಳಿದವರಿಗೆ "ನನ್ನ ಜಾತಕವೇ ಹಾಗೆ" ಅಂದಿದ್ದೆ, ಥೇಟ್ ನಿನ್ನ ಹಾಗೇ. ಆಮೇಲೆ ಒಂದು ಮಾಘ ಬಹುಳ ಅಷ್ಟಮಿಯ ಬೆಳಿಗ್ಗೆ ಅವನು ಬೇಲಿಯ ದಣಪೆ ದಾಟಿ ಬಂದು, "ಅಣ್ಣಾ, ಹೆಣ್ಣುಮಗು. ಪಂಚಾಂಗ ನೋಡು" ಅಂದ. ನಾನು ಕನ್ನಡಕ ಹುಡುಕುವ ನೆಪದಲ್ಲಿ ಒಳಗೆ ಹೋಗಿ ಸ್ವಲ್ಪ ಹೊತ್ತು ನಿಂತಿದ್ದೆ. ರಾಶಿ ನೋಡಿ "ಮನೆಗೆ ಇನ್ನೊಂದು ಚೇಳು" ಅಂತ ತಮಾಷೆ ಮಾಡಿದ್ದಕ್ಕೆ ನಿನ್ನ ಅಮ್ಮ ಇವತ್ತಿಗೂ ನನ್ನನ್ನು ಪೂರ್ತಿ ಕ್ಷಮಿಸಿಲ್ಲ. (ಅವಳದು ಯಾವ ರಾಶಿ ಅಂತ ಇಲ್ಲಿ ಬರೆಯುವುದಿಲ್ಲ.)

ಚಿಕ್ಕಂದಿನಲ್ಲಿ ಶೃಂಗೇರಿಯ ವಿದ್ಯಾಶಂಕರ ದೇವಸ್ಥಾನದಲ್ಲಿ 12 ರಾಶಿಕಂಬ ತೋರಿಸಿದ್ದೆ, ನೆನಪಿದೆಯಾ? ಆಯಾ ತಿಂಗಳ ಬೆಳಗಿನ ಬಿಸಿಲು ಆಯಾ ಕಂಬಕ್ಕೆ ಬೀಳುತ್ತದೆ ಅನ್ನುತ್ತಾರೆ. ನೀನು ಚೇಳಿನ ಕಂಬ ಹುಡುಕಿ ತಬ್ಬಿಕೊಂಡಿದ್ದೆ, ಅಕ್ಕ ನಿನ್ನ ಲಂಗ ಹಿಡಿದು ಎಳೆಯುತ್ತಿದ್ದಳು. ನಿನ್ನೆಯಿಂದ ಸೂರ್ಯ ಅಲ್ಲಿಗೆ ಬಂದಿದ್ದಾನೆ. ತಿಂಗಳಾದ ಮೇಲೆ ಅವನೂ ಧನುವಿಗೆ ಹೊರಡುತ್ತಾನೆ.

ಬರುವ ಭಾನುವಾರ ಅಕ್ಕ ಅಡಿಕೆ ಸುಲಿಯಲು ಬರುತ್ತಾಳೆ, ಎರಡು ದಿನ ಇರುತ್ತಾಳೆ. ಶನಿವಾರ ರಾತ್ರಿ ಬಸ್ಸು ಹತ್ತಿದರೆ ಬೆಳಿಗ್ಗೆ ಕಾಫಿಗೆ ನೀನೂ ಇಲ್ಲಿರಬಹುದು. ಮೆಟ್ಟುಗತ್ತಿ ಎರಡು ಹರಿತ ಮಾಡಿಸಿಟ್ಟಿದ್ದೇನೆ. ಬರುವಾಗ ನನಗೆ ಒಂದು ಡಬ್ಬಿ ಮೂಗಿನ ನಶ್ಯ ತಾ, ದೊಡ್ಡಮ್ಮನಿಗೆ ಹೇಳಬೇಡ.

ಇಂತಿ ನಿನ್ನ
ದೊಡ್ಡಪ್ಪ